ಮರೆವಿನ ಕಾಯಿಲೆಯವರ ಬಾಳಸಂಗಾತಿಗಳು

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮ ನಾಡಿನಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅದರಿಂದ ಆಗಿರುವ ಹಾನಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ವಯಸ್ಸಿನ ಸಹಜ ಧರ್ಮ. ಕೈಯಲ್ಲಿ ಹಿಡಿದಿರುವ ಕನ್ನಡಕ ಏತಕ್ಕೆಂದು ತಿಳಿಯದೆ ನಿಲ್ಲುವುದು ಕಾಯಿಲೆ. ಈ ಎರಡರ ನಡುವಿನ ಅಂತರವನ್ನು ಆ ಗಾದೆ ಒಂದೇ ಏಟಿಗೆ ಅಳಿಸಿ ಹಾಕುತ್ತದೆ. ನಮ್ಮ ನಾಲ್ಕೂ ಮನೆಗಳಲ್ಲಿ ಎರಡು ವರ್ಷ, ಮೂರು ವರ್ಷ ಹಾಗೆಯೇ ಕಳೆದುಹೋದವು. ನೆರೆಯವರು ನಕ್ಕರು, ನಾವೂ ನಕ್ಕೆವು.

ಈ ಲೇಖನವನ್ನು ಬರೆಯುತ್ತಿರುವ ನಾವು ವೈದ್ಯರಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಗಂಡನನ್ನೋ ಹೆಂಡತಿಯನ್ನೋ ಡಿಮೆನ್ಶಿಯಾ ಎಂಬ ಈ ಮರೆವಿನ ಕಾಯಿಲೆಯಲ್ಲಿ ನೋಡಿಕೊಳ್ಳುತ್ತಿರುವ ನಾಲ್ವರು, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಗಂಡಸರು. ಧಾರವಾಡದ ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗಾಗಿ ಕಾಯುತ್ತ ಪರಿಚಿತರಾದೆವು. ಅಂದಿನಿಂದ ಒಬ್ಬರಿಗೊಬ್ಬರು ದೂರವಾಣಿಯಲ್ಲಿ ಮಾತನಾಡಿಕೊಂಡೇ ದಿನ ದೂಡುತ್ತಿದ್ದೇವೆ. ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ. ಯಾರ ವಿಷಯವನ್ನು ಬರೆಯುತ್ತಿದ್ದೇವೆಯೋ ಅವರ ಒಪ್ಪಿಗೆ ಕೇಳುವ ಕಾಲ ಮೀರಿಹೋಗಿದೆ.

ಡಿಮೆನ್ಶಿಯಾ ಒಂದೇ ರೋಗದ ಹೆಸರಲ್ಲ. ಮೆದುಳಿನ ಜೀವಕೋಶಗಳು ಕ್ರಮೇಣ ನಶಿಸಿ ನೆನಪು, ಮಾತು, ವಿವೇಚನೆ, ದಿಕ್ಕಿನ ಅರಿವು, ಕೊನೆಗೆ ದೇಹದ ಹಿಡಿತ ಎಲ್ಲವೂ ಕುಂದುತ್ತ ಬರುವ ಹಲವು ರೋಗಗಳ ಸಮುಚ್ಚಯವದು. ಆಲ್‌ಝೈಮರ್ಸ್ ಅವುಗಳಲ್ಲಿ ಹೆಚ್ಚು ಜನರಿಗೆ ಬರುವಂಥದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಅಲಕ್ಷಿಸಿದವರ ಮೆದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಳ್ಳಿಯ ಶುದ್ಧ ಗಾಳಿಯಲ್ಲಿರುವವರಿಗೆ ಇಂಥ ರೋಗ ಬಾರದೆಂದು ನಂಬಿದ್ದವರಲ್ಲಿ ನಾವೂ ಇದ್ದೆವು.

ಈ ರೋಗದ ಚರಿತ್ರೆಯೇ ಒಬ್ಬ ಗಂಡನಿಂದ ಆರಂಭವಾಗುತ್ತದೆಂಬ ಸಂಗತಿ ನಮಗೆ ತಿಳಿದದ್ದು ತಡವಾಗಿ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ರೈಲ್ವೆ ಗುಮಾಸ್ತನೊಬ್ಬನ ಹೆಂಡತಿ ದಾಖಲಾದಳು. ಆಕೆಯ ಹೆಸರು ಆಗುಸ್ಟೆ ಡೆಟರ್, ವಯಸ್ಸು 51. ಆಕೆಯಲ್ಲಿ ಮೊದಲು ಕಂಡ ಲಕ್ಷಣ ಮರೆವಲ್ಲ, ಗಂಡನ ಮೇಲಿನ ಸಂಶಯ. ಆಕೆಯನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್‌ಝೈಮರ್, ಆಕೆ ತೀರಿಕೊಂಡ ಬಳಿಕ 1906ರಲ್ಲಿ ಮೆದುಳಿನ ಬದಲಾವಣೆಗಳನ್ನು ವಿವರಿಸಿದ. ರೋಗಕ್ಕೆ ವೈದ್ಯನ ಹೆಸರು ಬಂತು. ಆ ಐದು ವರ್ಷ ಆ ಗಂಡ ಹೇಗಿದ್ದನೆಂಬುದನ್ನು ಮಾತ್ರ ನಮ್ಮಂಥವರು ಊಹಿಸಿಕೊಳ್ಳಬೇಕು.

ಊಹಿಸುವುದು ನಮಗೆ ಕಷ್ಟವಲ್ಲ. ಮುಂಡಗೋಡದ ನಮ್ಮ ಮಿತ್ರರ ಮನೆಯಲ್ಲಿಯೂ ಕಾಯಿಲೆ ಕಾಲಿಟ್ಟದ್ದು ಸಂಶಯದ ರೂಪದಲ್ಲಿಯೇ. ನಲವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿ ಒಂದು ದಿನ, ನನ್ನ ಬಳೆಗಳನ್ನು ನೀವೇ ಕದ್ದು ಯಾರಿಗೋ ಕೊಟ್ಟಿದ್ದೀರಿ ಎಂದರು. ಬಳೆಗಳು ಅಕ್ಕಿಯ ಡಬ್ಬಿಯಲ್ಲಿ ಸಿಕ್ಕವು. ಇಟ್ಟವರು ಅವರೇ. ಮರುದಿನ ಮತ್ತೆ ಅದೇ ಆರೋಪ. ಮಿತ್ರರು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ತರ್ಕದಿಂದ ತಿಳಿಸಿಕೊಡಬಹುದೆಂದು ನಂಬಿ, ಸಾಕ್ಷಿ ಸಮೇತ ವಾದಿಸಿದರು. ಡಬ್ಬಿ ತಂದು ತೋರಿಸಿದರು, ಮಗಳಿಗೆ ದೂರವಾಣಿ ಮಾಡಿ ಹೇಳಿಸಿದರು. ಆರು ತಿಂಗಳು ಹೀಗೆ ನಡೆದು ಇಬ್ಬರೂ ಸೊರಗಿದರು. ಕೊನೆಗೆ ಅವರು ಕಲಿತ ಪಾಠ ಇಷ್ಟು: ಈ ಕಾಯಿಲೆಯವರೊಡನೆ ವಾದದಲ್ಲಿ ಗೆದ್ದವರೇ ಸೋತವರು. ಈಗ ಬಳೆ ಕಳುವಾಯಿತೆಂದರೆ, ಅಯ್ಯೋ, ಬಾ ಹುಡುಕೋಣ ಎಂದು ಜೊತೆಗೆ ಏಳುತ್ತಾರೆ. ಎರಡು ಕೋಣೆ ಹುಡುಕುವಷ್ಟರಲ್ಲಿ ಆಕೆಗೆ ಏನನ್ನು ಹುಡುಕುತ್ತಿದ್ದೆವೆಂಬುದು ಮರೆತಿರುತ್ತದೆ. ಇದು ಸುಳ್ಳಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಇರಬಹುದು. ಆದರೆ ಜ್ವರದಲ್ಲಿ ಕನವರಿಸುವ ಮಗುವಿನೊಂದಿಗೆ ಯಾವ ತಾಯಿಯೂ ಸತ್ಯಾಸತ್ಯದ ಚರ್ಚೆಗೆ ಕೂರುವುದಿಲ್ಲ.

ಅವರ ಮನೆಯ ಇನ್ನೊಂದು ಸಂಗತಿಯನ್ನು ಈ ಪತ್ರಿಕೆಯ ಓದುಗರಿಗೆ ಹೇಳಲೇಬೇಕು. ಸೀರೆಯ ನೆರಿಗೆ ಹಿಡಿಯುವುದು, ಒಗ್ಗರಣೆಗೆ ಯಾವುದು ಮೊದಲು ಯಾವುದು ನಂತರ ಎಂಬುದು, ಮೊಮ್ಮಗನ ಹೆಸರು, ಎಲ್ಲವನ್ನೂ ಮರೆತಿರುವ ಆ ತಾಯಿ, ಬೆಳಿಗ್ಗೆ ಸ್ನಾನವಾಗಿ ವಿಭೂತಿ ಧರಿಸಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿದರೆ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುತ್ತಾರೆ. ಕೈ ತಾನಾಗಿ ಸರಿಯಾದ ಎತ್ತರಕ್ಕೆ ಬರುತ್ತದೆ, ದೃಷ್ಟಿ ನಿಲ್ಲುತ್ತದೆ. ಇದರಲ್ಲಿ ಪವಾಡವೇನೂ ಇಲ್ಲವೆಂದು ವೈದ್ಯರು ವಿವರಿಸಿದರು. ನಿನ್ನೆ ಏನಾಯಿತೆಂಬ ನೆನಪು ಮೆದುಳಿನ ಒಂದು ಭಾಗದಲ್ಲಿ, ಬಾಲ್ಯದಿಂದ ದಿನವೂ ಮಾಡಿದ ಕ್ರಿಯೆಯ ನೆನಪು ಬೇರೊಂದು ಭಾಗದಲ್ಲಿ ಇರುತ್ತವೆ. ಆಲ್‌ಝೈಮರ್ಸ್ ಮೊದಲು ಕೆಡಿಸುವುದು ಹಿಂದಿನದನ್ನು, ಕೈಗಳ ನೆನಪು ಬಹುಕಾಲ ಉಳಿಯುತ್ತದೆ. ಹೀಗಾಗಿ ರೊಟ್ಟಿ ಬಡಿಯುವುದು, ಹೂ ಕಟ್ಟುವುದು, ಅವರೆ ಸುಲಿಯುವುದು, ಹಾಡಿಕೊಳ್ಳುವುದು ಇವುಗಳನ್ನು ಅವರಿಂದ ಕಿತ್ತುಕೊಳ್ಳಬಾರದು. ರೊಟ್ಟಿ ವಕ್ರವಾದರೆ ಆಗಲಿ.

ಪರೀಕ್ಷೆಗೆ ತಡಮಾಡಬಾರದೆಂಬುದನ್ನು ನಾವು ಪಶ್ಚಾತ್ತಾಪದಿಂದಲೇ ಹೇಳುತ್ತಿದ್ದೇವೆ. ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್ ಗ್ರಂಥಿಯ ಮಂದತೆ, ಖಿನ್ನತೆ, ಕೆಲವು ಔಷಧಿಗಳ ದುಷ್ಪರಿಣಾಮ, ವಾರಗಳ ಹಿಂದೆ ಜಾರಿ ಬಿದ್ದು ತಲೆಬುರುಡೆಯ ಒಳಗೆ ನಿಧಾನವಾಗಿ ಸೇರಿದ ರಕ್ತ, ಇವುಗಳಿಂದಲೂ ಮರೆವು ಬರುತ್ತದೆ ಮತ್ತು ಇವಕ್ಕೆ ಚಿಕಿತ್ಸೆಯಿದೆ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಅದರಿಂದಲೂ ಬುದ್ಧಿ ಮಂಕಾಗುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವಂಥದು, ಚುಚ್ಚುಮದ್ದಿನಲ್ಲಿ ಸರಿಹೋಗುವಂಥದು. ಕಿವಿ ಕೇಳಿಸದವರನ್ನೂ ಮರೆಗುಳಿಗಳೆಂದು ತಳ್ಳಿಹಾಕುವುದುಂಟು. ನಮ್ಮಲ್ಲೊಬ್ಬರ ಪತಿಗೆ ಒಂದು ಕಡೆ ಎರಡು ವರ್ಷ ಬರಿಯ ಟಾನಿಕ್ ಕೊಟ್ಟು ಕಳುಹಿಸಿದರು. ಯಾವ ಆಸ್ಪತ್ರೆಯೆಂದು ಹೇಳುವುದರಿಂದ ಈಗ ಫಲವಿಲ್ಲ. ನಾವೂ ಗಟ್ಟಿಯಾಗಿ ಕೇಳಲಿಲ್ಲ.

ಜಿಲ್ಲಾ ಕೇಂದ್ರ ಕಾರವಾರ ನಮಗೆ ಘಟ್ಟದ ಕೆಳಗಿನ ಊರು. ನಮ್ಮ ನಾಲ್ಕು ತಾಲೂಕಿನವರ ಕಾಲು ಸಹಜವಾಗಿ ಹುಬ್ಬಳ್ಳಿ ಧಾರವಾಡಗಳ ಕಡೆಗೆ ಹೊರಳುತ್ತದೆ. ಹುಬ್ಬಳ್ಳಿಯ ಕಿಮ್ಸ್, ಧಾರವಾಡದ ಡಿಮ್ಹಾನ್ಸ್ ಎರಡೂ ಸರಕಾರಿ ಸಂಸ್ಥೆಗಳು. ಡಿಮ್ಹಾನ್ಸ್‌ನ ಮೂಲ 1845ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆ. ಆದ್ದರಿಂದ ‘ಧಾರವಾಡಕ್ಕೆ ತೋರಿಸಿದರಂತೆ’ ಎಂದರೆ ನಮ್ಮ ಕಡೆ ಇಂದಿಗೂ ಜನ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಈ ಒಂದು ಅಂಜಿಕೆಯಿಂದ ಹಳಿಯಾಳದ ನಮ್ಮ ಸೋದರಿ ಒಂದು ವರ್ಷ ಹಿಂದೆ ಮುಂದೆ ನೋಡಿದರು. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ಯಾವ ದಿನವೆಂದು ಮೊದಲೇ ವಿಚಾರಿಸಿಕೊಂಡು ಹೋಗಬೇಕು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಕೂಡಿ ಆರಂಭಿಸಿದ ಮೆದುಳಿನ ಆರೋಗ್ಯದ ಯೋಜನೆಯಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳೂ ತೆರೆದಿವೆ. ಔಷಧಿಯ ವಿಷಯದಲ್ಲಿ ಭ್ರಮೆ ಬೇಡ. ಡೊನೆಪೆಜಿಲ್ ಮೊದಲಾದ ಮಾತ್ರೆಗಳಿಂದ ಕೆಲವರಿಗೆ ಕೆಲಕಾಲ ಸ್ವಲ್ಪ ನೆರವಾಗುತ್ತದೆ, ರೋಗ ನಿಲ್ಲುವುದಿಲ್ಲ. ರಾತ್ರಿ ಮಲಗಿಸಲೆಂದು ಅಂಗಡಿಯಿಂದ ತಾವೇ ತಂದು ಕೊಡುವ ನಿದ್ದೆಯ ಮಾತ್ರೆಗಳು ಬೀಳುವಿಕೆಗೆ, ಇನ್ನಷ್ಟು ಗೊಂದಲಕ್ಕೆ ಕಾರಣವಾಗುತ್ತವೆ. ಇನ್ನೊಂದು ಎಚ್ಚರ. ನಿನ್ನೆಯವರೆಗೆ ಒಂದು ಮಟ್ಟದಲ್ಲಿದ್ದವರು ಒಂದೆರಡು ದಿನಗಳಲ್ಲಿ ತೀರ ಹದಗೆಟ್ಟರೆ ಅದು ಕಾಯಿಲೆಯ ಸಹಜ ಗತಿಯಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೀರಿನ ಕೊರತೆ ಇವುಗಳಲ್ಲಿ ಒಂದಿರಬಹುದು. ಅವರಿಗೆ ನೋವೆಂದು ಹೇಳಲು ಬಾರದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದಾಂಡೇಲಿಯ ನಮ್ಮ ಸೋದರಿಯ ಪತಿ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿದವರು. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ನಾನಾ ಸೀಮೆಯವರು ಸೇರಿ ಬೆಳೆದ ಊರು ದಾಂಡೇಲಿ. ಭೋಂಗಾದ ಸದ್ದಿಗೆ ಏಳುವುದು, ಉಣ್ಣುವುದು, ಮಲಗುವುದು ಅಲ್ಲಿನವರ ರಕ್ತದಲ್ಲಿಯೇ ಸೇರಿದೆ. ನಿವೃತ್ತರಾಗಿ ಹದಿನಾಲ್ಕು ವರ್ಷವಾದ ಮೇಲೆ ಅವರು ನಡುರಾತ್ರಿ ಎದ್ದು, ಪಾಳಿಗೆ ಹೊತ್ತಾಯಿತು, ಡಬ್ಬಿ ಎಲ್ಲಿ ಎಂದು ಕೇಳಲಾರಂಭಿಸಿದರು. ತಡೆದರೆ ದೂಡುತ್ತಿದ್ದರು. ಒಮ್ಮೆ ಬಾಗಿಲು ತೆರೆದು ಹೊರಟೇಹೋದರು. ಕಾಳಿ ನದಿಯ ದಂಡೆಯ ಊರು, ಮೊಸಳೆಗಳಿರುವ ನೀರು. ಒಂದು ಗಂಟೆಯ ಹುಡುಕಾಟದ ಬಳಿಕ ಅವರು ಮುಚ್ಚಿದ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಅಂದಿನಿಂದ ಬಾಗಿಲಿನ ಮೇಲ್ತುದಿಯಲ್ಲಿ, ಅವರ ಕಣ್ಣು ಹೋಗದ ಕಡೆ, ಒಂದು ಅಗುಳಿ. ಬಾಗಿಲಿಗೆ ಎತ್ತಿನ ಗೆಜ್ಜೆ. ಅಂಗಿಯ ಒಳಮಡಿಕೆಯಲ್ಲಿ ಮನೆಯ ದೂರವಾಣಿ ಸಂಖ್ಯೆಯ ಹೊಲಿಗೆ. ಓಣಿಯ ಅಂಗಡಿಕಾರರಿಗೆ, ಬಸ್ ನಿಲ್ದಾಣದವರಿಗೆ, ರಿಕ್ಷಾದವರಿಗೆ ವಿಷಯ ತಿಳಿಸಿಟ್ಟಿದ್ದಾರೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟಿದ್ದಷ್ಟು ದಿನ ಅಪಾಯ ಹೆಚ್ಚಿತ್ತು. ಈಗ ಓಣಿಯೇ ಕಾವಲು. ಪಾಳಿಯ ಸಮಸ್ಯೆಗೆ ಅವರು ಕಂಡುಕೊಂಡ ಉಪಾಯವೂ ಕೇಳುವಂಥದು. ಖಾಲಿ ಡಬ್ಬಿಯನ್ನು ಕೈಗೆ ಕೊಟ್ಟು, ಇವತ್ತು ನಿಮಗೆ ವಾರದ ರಜೆ, ನಾಳೆ ಮೊದಲ ಪಾಳಿ ಎನ್ನುತ್ತಾರೆ. ಅವರು ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾರೆ.

ಹಳಿಯಾಳದ ಸೋದರಿಯ ಪತಿ ಕಬ್ಬು, ಭತ್ತ ಬೆಳೆದ ರೈತರು. ಆನೆ ಬರುವ ಹಂಗಾಮಿನಲ್ಲಿ ರಾತ್ರಿಯೆಲ್ಲ ಹೊಲ ಕಾಯ್ದ ಮನುಷ್ಯ ಈಗ ಕತ್ತಲಾದರೆ ಮನೆಯೊಳಗೇ ಬೆದರುತ್ತಾರೆ. ಸಂಜೆಯ ಹೊತ್ತು ಈ ಕಾಯಿಲೆಯವರಿಗೆ ಕೆಟ್ಟ ಹೊತ್ತು. ನೆರಳುಗಳು ಮನುಷ್ಯರಂತೆ ಕಾಣುತ್ತವೆ. ದೀಪವನ್ನು ಬೇಗ ಹಚ್ಚುವುದು, ಕನ್ನಡಿಗೆ ಬಟ್ಟೆ ಹೊದಿಸುವುದು, ಮಧ್ಯಾಹ್ನದ ನಿದ್ದೆಯನ್ನು ಕಡಿಮೆ ಮಾಡಿ ಅಂಗಳದಲ್ಲಿ ತಿರುಗಾಡಿಸುವುದು ಇಷ್ಟರಿಂದಲೇ ಅರ್ಧ ಗಲಾಟೆ ಇಳಿಯಿತು. ಭರತ ಹುಣ್ಣಿಮೆಯ ಉಳವಿ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವುದು ಆ ಮನೆಯ ವಾಡಿಕೆ. ಎರಡು ವರ್ಷದ ಹಿಂದೆ ಕರೆದೊಯ್ದಾಗ ಜನಜಂಗುಳಿಯಲ್ಲಿ ಅವರು ತಪ್ಪಿಸಿಕೊಂಡರು. ಮೂರು ತಾಸಿನ ನಂತರ ಸಿಕ್ಕದ್ದು ಯಾರದೋ ಎತ್ತುಗಳ ನಡುವೆ, ಕೊರಳು ತುರಿಸುತ್ತ, ಬಹಳ ಸಮಾಧಾನದಲ್ಲಿ. ಆ ಎತ್ತಿನವರು ಇವರನ್ನು ಕೂರಿಸಿಕೊಂಡು ಊಟವನ್ನೂ ಹಾಕಿದ್ದರು. ಆಕೆ ಆ ದಿನ ಅತ್ತದ್ದು ಗಂಡ ಸಿಕ್ಕ ಸಂತೋಷಕ್ಕಲ್ಲವಂತೆ. ಹುಡುಕುತ್ತಿದ್ದಾಗ ಒಂದು ಕ್ಷಣ, ಸಿಗದಿದ್ದರೇ ಒಳ್ಳೆಯದಾಗಿತ್ತು ಎಂದು ಮನಸ್ಸಿಗೆ ಬಂದದ್ದಕ್ಕೆ.

ಈ ಮಾತನ್ನು ಬರೆಯಬೇಕೇ ಬೇಡವೇ ಎಂದು ನಾವು ಬಹಳ ಚರ್ಚಿಸಿದೆವು. ಬರೆಯಬೇಕೆಂದು ಆಕೆಯೇ ಪಟ್ಟು ಹಿಡಿದರು. ನಮ್ಮ ನಾಲ್ವರಿಗೂ ಆ ಯೋಚನೆ ಬಂದಿದೆ. ನಮ್ಮಲ್ಲೊಬ್ಬರು ಒಂದು ರಾತ್ರಿ, ಮೂರನೆಯ ಸಲ ಹಾಸಿಗೆ ಬದಲಿಸುವಾಗ, ಕೈ ಎತ್ತಿ ಹೊಡೆದೂ ಇದ್ದಾರೆ. ಹೊಡೆಸಿಕೊಂಡವರಿಗೆ ಐದು ನಿಮಿಷದಲ್ಲಿ ಮರೆಯಿತು. ಹೊಡೆದವರಿಗೆ ಇಂದಿಗೂ ಮರೆತಿಲ್ಲ. ಎದುರಿಗೆ ಉಸಿರಾಡುತ್ತಿರುವವರಿಗಾಗಿ ದುಃಖಿಸುವುದು ವಿಚಿತ್ರವಾದ ದುಃಖ. ಸೂತಕವಿಲ್ಲ, ಸಾಂತ್ವನ ಹೇಳಲು ಬರುವವರಿಲ್ಲ, ಮುಗಿಯುವ ದಿನವೂ ಇಲ್ಲ. ಮಕ್ಕಳಿಗೆ ತಂದೆ ಅಥವಾ ತಾಯಿಯ ನೆನಪು ಹೋದರೆ, ಗಂಡಹೆಂಡಿರಿಗೆ ತಮ್ಮದೇ ಅರ್ಧ ನೆನಪು ಹೋಗುತ್ತದೆ. ಮದುವೆಯ ದಿನ ಮಳೆ ಬಂದಿತ್ತೋ ಇಲ್ಲವೋ ಎಂದು ಕೇಳಲು ಇನ್ನು ಯಾರಿದ್ದಾರೆ?

ಕೈ ಏಳುವ ಆ ಕ್ಷಣಕ್ಕೆ ನಮ್ಮ ನಡುವೆ ಒಂದು ನಿಯಮವಿದೆ. ಕಾಯಿಲೆಯವರು ಬೀಳದಂತೆ ಕುಳ್ಳಿರಿಸಿ, ಹಿತ್ತಲಿಗೆ ಹೋಗಿ, ಉಳಿದ ಮೂವರಲ್ಲಿ ಒಬ್ಬರಿಗೆ ಕರೆ ಮಾಡುವುದು. ಹೊತ್ತು ನೋಡಬಾರದು. ಯಾರೂ ಸಿಗದಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಹಿರಿಯರ ಸಹಾಯವಾಣಿ 14567. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ದೂರವಾಣಿಯ ಸಂಕೇತವೇ ಸಿಗದೆಂಬುದು ನಮಗೂ ಗೊತ್ತು. ನಮ್ಮ ಜೋಯಿಡಾದ ಮಿತ್ರರು ಮನೆಯ ಹಿಂದಿನ ದಿಬ್ಬ ಹತ್ತಿ ಮಾತನಾಡುತ್ತಾರೆ.

ನೋಡಿಕೊಳ್ಳುವವರನ್ನು ‘ದೊಡ್ಡ ಸೇವೆ, ಇದೇ ನಿಜವಾದ ಕಾಯಕ’ ಎಂದು ಹೊಗಳುವವರಿಗೆ ಕೊರತೆಯಿಲ್ಲ. ಕಾಯಕವೆಂಬುದನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಆ ಹೊಗಳಿಕೆ ಬಹುಮಟ್ಟಿಗೆ ಹೊರೆಯನ್ನು ಒಬ್ಬರ ಹೆಗಲ ಮೇಲೆಯೇ ಬಿಟ್ಟು ಕೈತೊಳೆದುಕೊಳ್ಳುವ ಸಭ್ಯ ವಿಧಾನ. ಹೊಗಳುವವರು ವಾರಕ್ಕೆ ಎರಡು ತಾಸು ಬಂದು ಕುಳಿತರೆ ಸಾಕು, ಅಷ್ಟರಲ್ಲಿ ನಾವು ಸಂತೆಗೆ ಹೋಗಿ ಬರುತ್ತೇವೆ, ಅಥವಾ ಸುಮ್ಮನೆ ಮಲಗುತ್ತೇವೆ. ಜಗತ್ತಿನಲ್ಲಿ ಈ ಕಾಯಿಲೆಯವರ ಆರೈಕೆಯ ಶೇಕಡಾ 70ರಷ್ಟು ಹೊತ್ತನ್ನು ಹೆಂಗಸರೇ ಕೊಡುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಂಡತಿ ನೋಡಿಕೊಂಡರೆ ಕರ್ತವ್ಯ, ಗಂಡ ನೋಡಿಕೊಂಡರೆ ತ್ಯಾಗ ಎಂಬ ನಮ್ಮ ಜನರ ಅಳತೆಗೋಲನ್ನು ನಮ್ಮ ಗುಂಪಿನ ಗಂಡಸರಿಬ್ಬರೂ ಈಗ ಒಪ್ಪುವುದಿಲ್ಲ. ಮುಂಡಗೋಡದ ಟಿಬೆಟಿಯನ್ ವಸಾಹತು 1966ರಲ್ಲಿ ಬರಿಗೈಯಲ್ಲಿ ಬಂದ ಜನ ಕಟ್ಟಿದ್ದು. ಅವರು ತಮ್ಮ ವೃದ್ಧರಿಗಾಗಿ ಒಂದು ಆಶ್ರಯ ಮಾಡಿಕೊಂಡಿದ್ದಾರೆ. ನಮ್ಮ ಮಿತ್ರರು ಆ ದಾರಿಯಲ್ಲಿ ಹೋದಾಗಲೆಲ್ಲ, ಕಲ್ಯಾಣಮಂಟಪ ಕಟ್ಟಲು ಇಷ್ಟು ಬೇಗ ಹಣ ಕೂಡಿಸುವ ನಮಗೆ ಹಗಲು ಹೊತ್ತು ಹತ್ತು ಮಂದಿ ವೃದ್ಧರನ್ನು ನೋಡಿಕೊಳ್ಳುವ ಒಂದು ಕೋಣೆ ಏಕೆ ಆಗಲಿಲ್ಲವೆಂದು ಕೇಳಿಕೊಳ್ಳುತ್ತಾರೆ.

ಹಣಕಾಸಿನ ಮಾತು ಅಪ್ರಿಯವಾದರೂ ಹೇಳದೆ ವಿಧಿಯಿಲ್ಲ. ರೋಗ ತಿಳಿದ ಆರಂಭದಲ್ಲಿ ಅವರಿಗೆ ಇನ್ನೂ ತಿಳಿವಳಿಕೆಯಿರುತ್ತದೆ. ಆಗಲೇ ಬ್ಯಾಂಕಿನ ಖಾತೆಯನ್ನು ಜಂಟಿ ಮಾಡುವುದು, ನಾಮನಿರ್ದೇಶನ ಸರಿಪಡಿಸುವುದು, ಉಯಿಲು ಬರೆಸುವುದು ಅವರ ಇಚ್ಛೆಯನ್ನು ಕೇಳಿಯೇ ಆಗಬೇಕು. ಸಹಿ ಮರೆತ ಮೇಲೆ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ. ನಿವೃತ್ತಿವೇತನದವರು ನವೆಂಬರ್ ತಿಂಗಳ ಜೀವನ ಪ್ರಮಾಣಪತ್ರವನ್ನು ಈಗ ಮುಖ ಗುರುತಿಸುವ ವಿಧಾನದಿಂದ ಮನೆಯಲ್ಲಿಯೇ ಮೊಬೈಲಿನಲ್ಲಿ ಸಲ್ಲಿಸಬಹುದು. ಸಾಲಿನಲ್ಲಿ ನಿಲ್ಲಿಸುವ ಹಿಂಸೆ ಬೇಡ.

ಜೋಯಿಡಾದ ಮಿತ್ರರ ವಿಷಯ ಉಳಿದಿದೆ. ಅವರ ಪತ್ನಿಯ ತವರು ಹಳೆಯ ಸೂಪಾ. ಕಾಳಿ ನದಿಗೆ ಗಣೇಶಗುಡಿಯಲ್ಲಿ ಅಣೆಕಟ್ಟು ಎದ್ದು 1980ರ ದಶಕದಲ್ಲಿ ನೀರು ನಿಂತಾಗ ಸೂಪಾ ಪಟ್ಟಣ, ಸುತ್ತಲಿನ ಹಳ್ಳಿಗಳು ಮುಳುಗಿದವು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ನಲವತ್ತು ವರ್ಷ ಮನೆಯಲ್ಲಿ ಕನ್ನಡವನ್ನೇ ಆಡಿದ ಆಕೆ ಈಗ ಬಾಲ್ಯದ ಕೊಂಕಣಿಗೆ ಮರಳಿದ್ದಾರೆ. ನಂತರ ಕಲಿತ ಭಾಷೆ ಮೊದಲು ಜಾರುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಕಾಣಿಸಿಕೊಳ್ಳುವುದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಎಂದು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ್ದರು. ಕನ್ನಡ, ಕೊಂಕಣಿ, ಮರಾಠಿ ಮೂರನ್ನೂ ಉಂಡು ಬೆಳೆಯುವ ನಮ್ಮ ಸೀಮೆಗೆ ಅದೊಂದು ಸಮಾಧಾನ. ಮಿತ್ರರು ಎಪ್ಪತ್ತನೆಯ ವಯಸ್ಸಿನಲ್ಲಿ ನೆರೆಮನೆಯ ಹುಡುಗನಿಂದ ಕೊಂಕಣಿಯ ನಾಲ್ಕು ಮಾತು ಕಲಿತಿದ್ದಾರೆ. ಊಟ, ನೀರು, ನೋವು, ಹೆದರಬೇಡ.

ದಿನವೂ ಸಂಜೆ ಆಕೆ ಸೀರೆಯೊಂದನ್ನು ಗಂಟು ಕಟ್ಟಿಕೊಂಡು, ಮನೆಗೆ ಹೋಗೋಣ ಎನ್ನುತ್ತಾರೆ. ಇದೇ ನಿನ್ನ ಮನೆ ಎಂದು ಹೇಳಿ ನೋಡಿದರು, ಅತ್ತರು. ಸೂಪಾ ಮುಳುಗಿದೆ ಎಂದು ಒಮ್ಮೆ ಸತ್ಯವನ್ನೇ ಹೇಳಿದರು. ಆಕೆಗೆ ಅದು ಆ ಕ್ಷಣವೇ ಕೇಳಿದ ಸುದ್ದಿ. ಎದೆ ಬಡಿದುಕೊಂಡರು. ಈಗ ಮಿತ್ರರು ಏನೂ ಹೇಳುವುದಿಲ್ಲ. ಗಂಟನ್ನು ತಾವೇ ಹೊತ್ತು, ಕೈಹಿಡಿದು ಮುಂಬಾಗಿಲಿನಿಂದ ಹೊರಡುತ್ತಾರೆ. ರಸ್ತೆಯ ತಿರುವಿನ ಹಲಸಿನ ಮರದವರೆಗೆ ನಡೆದು, ಅಲ್ಲಿ ಒಂದಿಷ್ಟು ಕುಳಿತು, ಹಿತ್ತಲ ದಾರಿಯಿಂದ ಮರಳುತ್ತಾರೆ. ಹಿಂಬಾಗಿಲಿನಲ್ಲಿ ದೀಪ ಉರಿಯುತ್ತಿರುತ್ತದೆ. ಹೆಚ್ಚಿನ ದಿನ ಆಕೆ ‘ಬಂದೆವಲ್ಲ’ ಎಂದು ಗಂಟು ಇಳಿಸಿಕೊಳ್ಳುತ್ತಾರೆ. ಕೆಲವು ದಿನ ಇಲ್ಲ, ಆಗ ಇನ್ನೊಂದು ಸುತ್ತು. ಮೊನ್ನೆ ಜೋರು ಮಳೆಯಿತ್ತು. ಕೊಡೆ ಹಿಡಿದುಕೊಂಡೇ ಎರಡು ಸುತ್ತು ಹೋಗಿ ಬಂದರಂತೆ.